ಬೀಗದ ಕೋಡ್ ಒಗಟಿಗೆ ಎರಡು ಉತ್ತರ ಬಂದರೆ ತಪ್ಪು ಯಾರದು?

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೂರಂಕಿ ಬೀಗದ ಒಗಟುಗಳನ್ನು ಬಿಡಿಸುವುದು ನನಗೆ ಇಷ್ಟ. ‘ಯಾವ ಅಂಕಿಯೂ ಸರಿಯಿಲ್ಲ’ ಎಂಬ ಸುಳಿವು ಇದ್ದರೆ ಹೇಗೋ ದಡ ಸೇರುತ್ತೇನೆ. ಅದಿಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚುವುದಿಲ್ಲ. ಮೊನ್ನೆ ಬಂದದ್ದು ಇದು:

914 – ಒಂದು ಅಂಕಿ ಸರಿ, ಜಾಗ ತಪ್ಪು
639 – ಎರಡು ಅಂಕಿ ಸರಿ, ಎರಡರ ಜಾಗವೂ ತಪ್ಪು
381 – ಒಂದು ಅಂಕಿ ಸರಿ, ಜಾಗವೂ ಸರಿ
582 – ಒಂದು ಅಂಕಿ ಸರಿ, ಜಾಗ ತಪ್ಪು

ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಹೋದಾಗ ನನಗೆ 395, 398 ಎರಡೂ ಸರಿ ಎನಿಸಿತು. ಒಗಟೇ ತಪ್ಪೋ, ನಾನೇ ತಪ್ಪಿದೆನೋ? ಊಹೆ ಮಾಡದೆ ಬಿಡಿಸುವ ಕ್ರಮ ಇದೆಯೇ? ನಾಲ್ಕಂಕಿಯದಾದರೆ ಏನು ಮಾಡಬೇಕು?

ಉತ್ತರ: ಒಗಟು ಸರಿಯಾಗಿಯೇ ಇದೆ. ಉತ್ತರ 395 ಒಂದೇ. 398 ಅನ್ನು ಮೂರನೆಯ ಸುಳಿವಿನ ಪಕ್ಕ ಇಟ್ಟು ತಾಳೆ ನೋಡಿ. 381ರ 3 ಮೊದಲ ಮನೆಯಲ್ಲೇ ಇದೆ, ಸರಿ. ಆದರೆ 381ರ 8 ಕೂಡ 398ರಲ್ಲಿ ಇದೆ, ಬೇರೆ ಮನೆಯಲ್ಲಿ. ಅಲ್ಲಿಗೆ ಸರಿ ಅಂಕಿಗಳು ಎರಡಾದವು, ಸುಳಿವು ಹೇಳಿದ್ದು ಒಂದು. ‘ಒಂದು ಅಂಕಿ ಸರಿ’ ಎಂಬುದನ್ನು ನೀವು ‘ಒಂದಾದರೂ ಸರಿ’ ಎಂದು ಓದಿಕೊಂಡಿದ್ದೀರಿ. ಈ ಬಗೆಯ ಒಗಟುಗಳಲ್ಲಿ ಅದರ ಅರ್ಥ ‘ಒಂದೇ ಒಂದು ಸರಿ, ಉಳಿದೆರಡು ಕೋಡ್‌ನಲ್ಲಿ ಇಲ್ಲವೇ ಇಲ್ಲ’ ಎಂದು. ಬಾಯಿಬಿಟ್ಟು ಹೇಳದ ಈ ಎರಡನೆಯ ಅರ್ಧವನ್ನು ಓದಿಕೊಳ್ಳುವುದೇ ಒಗಟು ಬಿಡಿಸುವ ಕೆಲಸದ ಮುಕ್ಕಾಲು ಪಾಲು.

‘ಜಾಗ ತಪ್ಪು’ ಎಂಬುದೂ ಹಾಗೆಯೇ. 639ರಲ್ಲಿ ಎರಡರ ಜಾಗವೂ ತಪ್ಪು ಎಂದರೆ ಯಾವ ಎರಡು ಅಂಕಿ ಸರಿ ಎಂದು ಗೊತ್ತಾಗುವ ಮುಂಚೆಯೇ ಮೂರು ಸಂಗತಿ ಖಚಿತ: ಮೊದಲ ಮನೆಯಲ್ಲಿ 6 ಇಲ್ಲ, ನಡುವಿನ ಮನೆಯಲ್ಲಿ 3 ಇಲ್ಲ, ಕೊನೆಯ ಮನೆಯಲ್ಲಿ 9 ಇಲ್ಲ. ಆ ಅಂಕಿ ಕೋಡ್‌ನಲ್ಲಿ ಇರಲಿ, ಬಿಡಲಿ, ಆ ಮನೆಯಲ್ಲಂತೂ ಇಲ್ಲ. ಇದನ್ನು ತಕ್ಷಣ ಬರೆದಿಟ್ಟುಕೊಳ್ಳದವರು ಐದು ನಿಮಿಷದ ನಂತರ ಅದೇ ಜಾಗಕ್ಕೆ ಅದೇ ಅಂಕಿ ಹಾಕಿ ನೋಡುತ್ತಿರುತ್ತಾರೆ.

ಇನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಪ್ರಶ್ನೆ. ಹೆಚ್ಚಿನವರು ‘ಯಾವುದೂ ಸರಿಯಿಲ್ಲ’ ಎಂಬ ಸುಳಿವನ್ನೇ ಎಲ್ಲಕ್ಕಿಂತ ಬಲವಾದದ್ದು ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಹಾಗೆ ಕಾಣುವುದಿಲ್ಲ. ಮೂರೂ ಅಂಕಿ ಬೇರೆ ಬೇರೆ ಇರುವ ಕೋಡ್‌ಗಳು ಒಟ್ಟು 10×9×8, ಅಂದರೆ 720. ‘ಯಾವುದೂ ಸರಿಯಿಲ್ಲ’ ಎಂದಾಗ ಉಳಿದ 7 ಅಂಕಿಗಳಿಂದ 7×6×5, ಅಂದರೆ 210 ಕೋಡ್‌ಗಳು ಉಳಿಯುತ್ತವೆ. ‘ಒಂದು ಸರಿ, ಜಾಗ ತಪ್ಪು’ ಎಂಬುದು ಎಲ್ಲಕ್ಕಿಂತ ಬಡಪಾಯಿ ಸುಳಿವು, ಅದು 252 ಉಳಿಸುತ್ತದೆ. ‘ಒಂದು ಸರಿ, ಜಾಗವೂ ಸರಿ’ ಎಂದರೆ 126. ‘ಎರಡು ಸರಿ, ಎರಡರ ಜಾಗವೂ ತಪ್ಪು’ ಎಂದರೆ 63 ಮಾತ್ರ. ‘ಎರಡು ಸರಿ, ಒಂದರ ಜಾಗ ಸರಿ, ಒಂದರದು ತಪ್ಪು’ ಎಂದರೆ 42. ಎರಡೂ ಸರಿಯಾದ ಜಾಗದಲ್ಲೇ ಇದ್ದರೆ 21. ಮೂರೂ ಅಂಕಿ ಸರಿ, ಎಲ್ಲದರ ಜಾಗವೂ ತಪ್ಪು ಎಂದರೆ ಎರಡೇ ಎರಡು. ಹಾಗಾಗಿ ಮೊದಲು ಕೈ ಹಾಕಬೇಕಾದದ್ದು ಎರಡು ಅಥವಾ ಮೂರು ಅಂಕಿ ಸರಿ ಎನ್ನುವ ಸುಳಿವಿಗೆ. ‘ಯಾವುದೂ ಸರಿಯಿಲ್ಲ’ ಎಂಬುದು ಒಂಟಿಯಾಗಿ ದೊಡ್ಡದೇನೂ ಅಲ್ಲ. ಉಳಿದ ಸುಳಿವುಗಳ ಕಸ ಗುಡಿಸಿಕೊಡುತ್ತದೆ ಎಂಬುದಕ್ಕಷ್ಟೇ ಅದಕ್ಕೆ ಬೆಲೆ.

ಆ ಕಸ ಗುಡಿಸುವ ಕೆಲಸವನ್ನು ನಿಮ್ಮ ಒಗಟಿನಲ್ಲಿ ಬೇರೊಂದು ಉಪಾಯ ಮಾಡುತ್ತದೆ. ಅದನ್ನು ಕಲಿತರೆ ‘ಯಾವುದೂ ಸರಿಯಿಲ್ಲ’ ಬೇಕಾಗುವುದೇ ಅಪರೂಪ. ಒಂದೂ ಅಂಕಿ ಹಂಚಿಕೊಳ್ಳದ ಎರಡು ಸುಳಿವುಗಳನ್ನು ಹುಡುಕಿ, ಅವುಗಳ ಸರಿ ಅಂಕಿಗಳನ್ನು ಕೂಡಿ. ಇಲ್ಲಿ 639 ಮತ್ತು 582 ಅಂಥ ಜೋಡಿ. 639ರಲ್ಲಿ ಎರಡು ಸರಿ, 582ರಲ್ಲಿ ಒಂದು ಸರಿ, ಒಟ್ಟು ಮೂರು. ಬೀಗಕ್ಕಿರುವುದೂ ಮೂರೇ ಮನೆ. ಅಂದರೆ ಕೋಡ್‌ನ ಮೂರೂ ಅಂಕಿ ಈ ಆರು ಅಂಕಿಗಳ ಒಳಗೇ ಇವೆ. 0, 1, 4, 7 ಈ ನಾಲ್ಕೂ ಒಂದೇ ಏಟಿಗೆ ಹೊರಗೆ. ‘ಯಾವುದೂ ಸರಿಯಿಲ್ಲ’ ಎನ್ನುವ ಸುಳಿವು ಮೂರು ಅಂಕಿ ತೆಗೆಯುತ್ತಿತ್ತು, ಇದು ನಾಲ್ಕು ತೆಗೆಯಿತು.

ಮುಂದಿನದು ಇಳಿಜಾರು. 914ರಲ್ಲಿ 1 ಮತ್ತು 4 ಹೋದವು, ಆದ್ದರಿಂದ ಸರಿಯಾದ ಅಂಕಿ 9. ಅದರ ಜಾಗ ತಪ್ಪು ಎಂದಿರುವುದರಿಂದ 9 ಮೊದಲ ಮನೆಯಲ್ಲಿಲ್ಲ. 639ರ ಪ್ರಕಾರ ಕೊನೆಯ ಮನೆಯಲ್ಲೂ ಇಲ್ಲ. ಉಳಿದದ್ದು ನಡುವಿನ ಮನೆ. ಈಗ 381: 1 ಇಲ್ಲ, ಆದ್ದರಿಂದ 3 ಮೊದಲ ಮನೆಯಲ್ಲಿರಬೇಕು ಅಥವಾ 8 ನಡುವಿನಲ್ಲಿರಬೇಕು. ನಡುವೆ ಆಗಲೇ 9 ಕುಳಿತಿದೆ. ಹಾಗಾಗಿ ಮೊದಲ ಮನೆ 3ರದು, 8 ಕೋಡ್‌ನಲ್ಲೇ ಇಲ್ಲ. ನಿಮ್ಮ 398 ಬಿದ್ದದ್ದು ಇಲ್ಲಿಯೇ. ಕೊನೆಯ ಮನೆಗೆ 582ರಿಂದ 5 ಅಥವಾ 2 ಬರಬೇಕು. 582ರಲ್ಲಿ 2 ಇರುವುದೇ ಕೊನೆಯ ಮನೆಯಲ್ಲಿ, ಅಲ್ಲಿಗೆ 2 ಹಾಕಿದರೆ ‘ಜಾಗ ತಪ್ಪು’ ಎಂಬ ಮಾತು ಸುಳ್ಳಾಗುತ್ತದೆ. ಉಳಿದದ್ದು 5. ಕೋಡ್ 395.

ಎಲ್ಲಿಯೂ ‘ಇದಿರಬಹುದು, ಹಾಕಿ ನೋಡೋಣ’ ಎನ್ನಬೇಕಾಗಲಿಲ್ಲ. ಮೊದಲಿದ್ದ 720 ಸಾಧ್ಯತೆಗಳಲ್ಲಿ 639ರ ಸುಳಿವಿನ ನಂತರ ಉಳಿದದ್ದು 63, 582 ಸೇರಿದಾಗ 18, 914 ಸೇರಿದಾಗ 6, 381 ಸೇರಿದಾಗ 1. ಆರು ಉಳಿದ ಹಂತದಲ್ಲಿದ್ದವು 293, 296, 395, 398, 893, 896. ಈ ಆರರಲ್ಲಿ ಐದನ್ನು ಕಳಿಸಿಕೊಡಬೇಕಿದ್ದ ಸುಳಿವನ್ನೇ ನೀವು ಸಡಿಲವಾಗಿ ಓದಿದಿರಿ.

ಕಾಗದದ ಮೇಲೆ ಮಾಡುವಾಗ ಒಂದು ಕೋಷ್ಟಕ ಸಾಕು. ಎಡಬದಿಯಲ್ಲಿ 0ಯಿಂದ 9ರವರೆಗೆ ಹತ್ತು ಸಾಲು, ಮೇಲೆ ಬೀಗಕ್ಕಿರುವಷ್ಟು ಮನೆ. ಗುರುತು ಎರಡು ಬಗೆಯದಿರಲಿ: ಅಂಕಿ ಕೋಡ್‌ನಲ್ಲೇ ಇಲ್ಲ ಎಂದಾದರೆ ಇಡೀ ಸಾಲಿನ ಮೇಲೆ ಉದ್ದ ಗೀಟು, ಒಂದು ಮನೆಯಲ್ಲಿ ಮಾತ್ರ ಇಲ್ಲ ಎಂದಾದರೆ ಆ ಮನೆಯಲ್ಲಷ್ಟೇ × ಗುರುತು. ಇವೆರಡನ್ನು ಬೆರೆಸುವುದರಿಂದಲೇ ಹೆಚ್ಚಿನ ಎಡವಟ್ಟುಗಳಾಗುವುದು. ‘ಜಾಗ ತಪ್ಪು’ ಎಂದು ಓದಿದೊಡನೆ ಕೈ ತಾನಾಗಿ ಇಡೀ ಅಂಕಿಯನ್ನೇ ಹೊಡೆದುಹಾಕುತ್ತದೆ. ಮನೆಯ ಗುರುತುಗಳನ್ನು ಒಗಟು ಓದಿದ ಕೂಡಲೇ, ಯೋಚನೆ ಶುರು ಮಾಡುವ ಮುಂಚೆಯೇ ಹಾಕಿಬಿಡಿ. ನಿಮ್ಮ ಒಗಟಿನಲ್ಲಿ ‘ಜಾಗ ತಪ್ಪು’ ಎಂಬ ಮೂರು ಸುಳಿವಿನಿಂದ ಒಂಬತ್ತು ಗುರುತು ಪುಕ್ಕಟೆ ಸಿಗುತ್ತವೆ. ಅವುಗಳಲ್ಲೊಂದು 8 ನಡುವಿನ ಮನೆಯಲ್ಲಿಲ್ಲ ಎಂಬುದು. 381ರಲ್ಲಿ 8 ಇರುವುದೂ ನಡುವಿನ ಮನೆಯಲ್ಲೇ, ಅಲ್ಲಿ ಸರಿ ಅಂಕಿಯ ಜಾಗವೂ ಸರಿ ಇರಬೇಕು. ಎರಡನ್ನೂ ಜೊತೆಗಿಟ್ಟು ನೋಡಿದರೆ 8 ಕೋಡ್‌ನಲ್ಲಿಲ್ಲ ಎಂಬುದು 9ರ ಜಾಗ ತಿಳಿಯುವ ಮೊದಲೇ ಸಿಗುತ್ತಿತ್ತು. ಒಂದೇ ಅಂಕಿ ಒಂದೇ ಮನೆಯಲ್ಲಿ ಎರಡು ಸುಳಿವುಗಳಲ್ಲಿ ಬಂದು, ಒಂದು ‘ಜಾಗ ಸರಿ’, ಇನ್ನೊಂದು ‘ಜಾಗ ತಪ್ಪು’ ಎಂದರೆ ಆ ಅಂಕಿ ಹೋಯಿತೆಂದೇ ಲೆಕ್ಕ.

ಸೊನ್ನೆಯ ವಿಷಯದಲ್ಲಿ ಒಂದು ಎಚ್ಚರ. ಶಾಲೆಯಲ್ಲಿ ಮುಂದಿನ ಸೊನ್ನೆಗೆ ಬೆಲೆಯಿಲ್ಲ ಎಂದು ಕಲಿತ ಅಭ್ಯಾಸಕ್ಕೆ ಹಲವರು ಮೊದಲ ಮನೆಯಲ್ಲಿ 0 ಇರುವುದಿಲ್ಲ ಎಂದು ತಾವೇ ನಿರ್ಧರಿಸಿಬಿಡುತ್ತಾರೆ. ಬೀಗದಲ್ಲಿರುವುದು ಮೂರು ಚಕ್ರ. ಅವು ನೂರು, ಹತ್ತು, ಬಿಡಿ ಸ್ಥಾನಗಳಲ್ಲ. 058 ಎಂಬುದು ಐವತ್ತೆಂಟಲ್ಲ, ಸೊನ್ನೆ-ಐದು-ಎಂಟು. ಒಗಟು ಬೇರೆ ಹೇಳದ ಹೊರತು ಸೊನ್ನೆಗೆ ಎಲ್ಲ ಮನೆಯೂ ಮುಕ್ತ.

ಒಂದೇ ಅಂಕಿ ಎರಡು ಸಲ ಬರಬಹುದೇ ಎಂಬುದು ಇನ್ನೊಂದು ತಕರಾರು. ಬರಬಹುದು ಎಂದಾದರೆ ಕೋಡ್‌ಗಳು 720 ಅಲ್ಲ, 1000. ‘ಯಾವುದೂ ಸರಿಯಿಲ್ಲ’ ಉಳಿಸುವುದು 210 ಅಲ್ಲ, 343. ಆಗ ಎಣಿಸುವ ರೀತಿಯೂ ಗೊತ್ತಿರಬೇಕು: ಸುಳಿವಿನ ಒಂದು ಅಂಕಿಗೆ ಕೋಡ್‌ನ ಒಂದೇ ಅಂಕಿ ಜೋಡಿ. ಮೊದಲು ಜಾಗ ಸರಿ ಇರುವ ಜೋಡಿಗಳನ್ನು ತೆಗೆದುಬಿಡಬೇಕು, ಉಳಿದವುಗಳಲ್ಲಿ ಜಾಗ ತಪ್ಪಿದವನ್ನು ಎಣಿಸಬೇಕು. ಕೋಡ್ 337 ಆಗಿದ್ದು ಸುಳಿವು 533 ಆದರೆ ನಡುವಿನ 3ರ ಜಾಗ ಸರಿ, ಕೊನೆಯ 3ಕ್ಕೆ ಕೋಡ್‌ನ ಮೊದಲ 3 ಜೋಡಿಯಾಗಿ ‘ಜಾಗ ತಪ್ಪು’. ಕೋಡ್ 395 ಆಗಿದ್ದು ಸುಳಿವು 335 ಆದರೆ ಎರಡನೆಯ 3ಕ್ಕೆ ಜೋಡಿ ಇಲ್ಲ, ಅದನ್ನು ಎಣಿಸುವಂತಿಲ್ಲ. ನಿಮ್ಮ ಒಗಟಿನಲ್ಲಿ ಈ ತಲೆನೋವು ಇಲ್ಲವೇ ಇಲ್ಲ. 639ರಿಂದ ಎರಡು ಬೇರೆ ಬೇರೆ ಅಂಕಿ, 582ರಿಂದ ಇನ್ನೊಂದು ಎಂದಾಗಲೇ ಮೂರೂ ಮನೆ ತುಂಬಿದವು. ಅಂಕಿ ಮರುಕಳಿಸಲು ಜಾಗವೇ ಉಳಿಯಲಿಲ್ಲ.

ಈಗ ನಾಲ್ಕಂಕಿ. ಬೇರೆ ಬೇರೆ ಅಂಕಿಗಳ ಕೋಡ್‌ಗಳು 10×9×8×7, ಅಂದರೆ 5040. ಕೂಡುವ ಉಪಾಯ ಇಲ್ಲೂ ನಡೆಯುತ್ತದೆ. ಆದರೆ ಮೂರಂಕಿಯಲ್ಲಿದ್ದ ಇಳಿಜಾರು ಇಲ್ಲಿ ಸಿಗುವುದು ಕಡಿಮೆ, ಎಲ್ಲೋ ಒಂದು ಕಡೆ ದಾರಿ ಕವಲೊಡೆಯುತ್ತದೆ. ಇದನ್ನು ನೋಡಿ. ಅಂಕಿ ಮರುಕಳಿಸುವುದಿಲ್ಲ ಎಂಬುದು ನಿಯಮ.

1234 – ಎರಡು ಸರಿ, ಎರಡರ ಜಾಗವೂ ತಪ್ಪು
5678 – ಒಂದು ಸರಿ, ಜಾಗ ತಪ್ಪು
7491 – ಎರಡು ಸರಿ, ಒಂದರ ಜಾಗ ಸರಿ, ಒಂದರದು ತಪ್ಪು
6029 – ಎರಡು ಸರಿ, ಒಂದರ ಜಾಗ ಸರಿ, ಒಂದರದು ತಪ್ಪು
1845 – ಒಂದು ಸರಿ, ಜಾಗವೂ ಸರಿ

ಮೊದಲೆರಡು ಸುಳಿವುಗಳಿಗೆ ಒಂದೂ ಅಂಕಿ ಸಮಾನವಿಲ್ಲ. ಕೂಡಿದರೆ ಮೂರು. ಬೀಗಕ್ಕೆ ಬೇಕಾದದ್ದು ನಾಲ್ಕು. ಒಂದು ಕಡಿಮೆ ಬಿದ್ದಿದೆ, ಅದು ಈ ಎಂಟರ ಆಚೆಗಿನ 9 ಮತ್ತು 0ಯಲ್ಲಿ ಒಂದು, ಒಂದೇ. ನಿಯಮದ ಸಾಲು ಮುಖ್ಯವಾಗುವುದು ಇಲ್ಲಿ. ಮರುಕಳಿಸಬಹುದಾಗಿದ್ದರೆ ನಾಲ್ಕನೆಯದು ಹಳೆಯ ಅಂಕಿಯೇ ಇನ್ನೊಮ್ಮೆ ಬಂದದ್ದೂ ಆಗಬಹುದಿತ್ತು.

6029ರಲ್ಲಿ ಎರಡು ಸರಿ. 0 ಮತ್ತು 9ರಲ್ಲಿ ಒಂದೇ ಇರುವುದರಿಂದ ಇನ್ನೊಂದು 6 ಅಥವಾ 2, ಎರಡೂ ಅಲ್ಲ. 1845ರಲ್ಲಿ ಸರಿ ಅಂಕಿಯ ಜಾಗವೂ ಸರಿ. 1 ಸರಿಯಾಗಿದ್ದರೆ ಅದು ಮೊದಲ ಮನೆಯಲ್ಲಿರಬೇಕು. ಆದರೆ 1234ರ ಪ್ರಕಾರ ಮೊದಲ ಮನೆಯಲ್ಲಿ 1 ಇಲ್ಲ. ಅಲ್ಲಿಗೆ 1 ಹೋಯಿತು. ಮೇಲೆ ಹೇಳಿದ ಒಂದೇ ಮನೆ, ಎರಡು ತೀರ್ಪು ಎಂಬ ಉಪಾಯವೇ ಇದು.

1 ಹೋದ ಮೇಲೆ 7491ರಲ್ಲಿ ಸರಿಯಾದ ಎರಡು ಅಂಕಿ 7, 4, 9ರೊಳಗಿನವು. ಕವಲು ಇಲ್ಲಿದೆ, ಮೂರೇ ದಾರಿ. ಒಂದೊಂದನ್ನೂ ಕೊನೆಯವರೆಗೆ ನಡೆದು ನೋಡಬೇಕು.

7 ಮತ್ತು 9 ಎಂದುಕೊಳ್ಳಿ. ಹಾಗಾದರೆ 4 ಇಲ್ಲ. 5678ರ ಒಂದು ಅಂಕಿ 7 ಆದ್ದರಿಂದ 5, 8 ಇಲ್ಲ. 1 ಆಗಲೇ ಹೋಗಿದೆ. 1845ರಲ್ಲಿ ಸರಿಯಾದ ಅಂಕಿಯೇ ಉಳಿಯಲಿಲ್ಲ. ದಾರಿ ಮುಚ್ಚಿತು.

4 ಮತ್ತು 9 ಎಂದುಕೊಳ್ಳಿ. 4 ಇದೆ ಎಂದಮೇಲೆ 1845ರ ಸರಿ ಅಂಕಿ ಅದೇ, ಮೂರನೆಯ ಮನೆಯಲ್ಲಿ. ಆದರೆ 7491ರಲ್ಲಿ ಒಂದರ ಜಾಗ ಸರಿ ಇರಬೇಕು: 4 ಎರಡನೆಯ ಮನೆಯಲ್ಲಿ, ಇಲ್ಲವೇ 9 ಮೂರನೆಯದರಲ್ಲಿ. 4 ಮೂರನೆಯ ಮನೆಯಲ್ಲಿ ಕುಳಿತು ಎರಡನ್ನೂ ತಡೆಯುತ್ತದೆ. ಇದೂ ಮುಚ್ಚಿತು.

ಉಳಿದದ್ದು 7 ಮತ್ತು 4. 9 ಇಲ್ಲದ್ದರಿಂದ 0 ಇದೆ. 4 ಮೂರನೆಯ ಮನೆಯಲ್ಲಿ. 7491ರಲ್ಲಿ ಜಾಗ ಸರಿ ಇರುವುದು 4 ಅಲ್ಲವಾದ್ದರಿಂದ 7, ಅಂದರೆ ಮೊದಲ ಮನೆ 7ರದು. 5678ರಿಂದ 7 ಬಂದದ್ದರಿಂದ 6 ಇಲ್ಲ, ಹಾಗಾದರೆ 2 ಇದೆ. 1234ರ ಪ್ರಕಾರ 2 ಎರಡನೆಯ ಮನೆಯಲ್ಲಿಲ್ಲ, ನಾಲ್ಕನೆಯದಕ್ಕೆ ಹೋಗಲಿ. ಎರಡನೆಯದು 0ಗೆ. ಕೋಡ್ 7042. 6029ಕ್ಕೆ ತಾಳೆ ನೋಡಿ: 0 ತನ್ನ ಜಾಗದಲ್ಲಿ, 2 ಜಾಗ ತಪ್ಪಿ. ಸರಿ ಹೊಂದುತ್ತದೆ.

ಕವಲೊಡೆದು ನೋಡುವುದಕ್ಕೂ ಊಹೆಗೂ ವ್ಯತ್ಯಾಸವಿದೆ. ಊಹೆ ಮಾಡುವವರು ಒಂದು ದಾರಿ ಹಿಡಿದು, ಅದು ಹೊಂದಿಕೊಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಉಳಿದ ದಾರಿಗಳು ಮುಚ್ಚಿವೆಯೇ ಎಂದು ನೋಡುವುದಿಲ್ಲ. ಕವಲು ಆರಿಸುವಾಗ ಕಡಿಮೆ ದಾರಿಗಳಿರುವ ಕಡೆಯೇ ಒಡೆಯಿರಿ, ಪ್ರತಿ ದಾರಿಗೂ ಬೇರೆ ಕೋಷ್ಟಕ ಬರೆಯಿರಿ. ಒಂದೇ ಕೋಷ್ಟಕದಲ್ಲಿ ಮೂರು ದಾರಿಯ ಗುರುತು ಹಾಕಿ ಅಳಿಸುತ್ತಾ ಹೋದರೆ, ಮುಚ್ಚಿದ ದಾರಿಯ ಒಂದು ಗುರುತು ಉಳಿದುಹೋಗಿ ಮುಂದಿನದನ್ನೂ ಕೆಡಿಸುತ್ತದೆ.

ಇದೇ ಲೆಕ್ಕ ಆಟದ ರೂಪದಲ್ಲೂ ಇದೆ. 1970ರಲ್ಲಿ ಮೊರ್ಡೆಕೈ ಮೈರೋವಿಟ್ಜ್ ರೂಪಿಸಿದ ಮಾಸ್ಟರ್‌ಮೈಂಡ್‌ನಲ್ಲಿ ಅಂಕಿಯ ಬದಲು ಬಣ್ಣದ ಗೂಟ: ಆರು ಬಣ್ಣ, ನಾಲ್ಕು ಮನೆ, 1296 ಕೋಡ್. ಯಾವ ಕೋಡ್ ಆದರೂ ಐದು ಪ್ರಯತ್ನದೊಳಗೆ ಸಿಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತೋರಿಸಿದರು. ಅದಕ್ಕೂ ಹಿಂದಿನ, ಕಾಗದ ಪೆನ್ಸಿಲ್ ಸಾಕಾಗುವ ‘ಬುಲ್ಸ್ ಆ್ಯಂಡ್ ಕೌಸ್’ ಆಟದಲ್ಲಿ ನಾಲ್ಕು ಬೇರೆ ಬೇರೆ ಅಂಕಿ, ಅದೇ 5040 ಕೋಡ್. ಸರಿಯಾಗಿ ಆಡಿದರೆ ಏಳು ಪ್ರಯತ್ನ ದಾಟುವುದಿಲ್ಲ. ಆಟದಲ್ಲಿ ಮುಂದಿನ ಪ್ರಯತ್ನ ಯಾವುದೆಂದು ನೀವೇ ಆರಿಸಿಕೊಳ್ಳುತ್ತೀರಿ, ಒಗಟಿನಲ್ಲಿ ಯಾರೋ ಆರಿಸಿ ಕೊಟ್ಟಿರುತ್ತಾರೆ. ಅವರು ಸರಿಯಾಗಿ ಆರಿಸಿದ್ದಾರೋ ಇಲ್ಲವೋ ಎಂಬುದೇ ನಿಮ್ಮ ಮೊದಲ ಪ್ರಶ್ನೆಯ ಇನ್ನೊಂದು ಮುಖ.

ಏಕೆಂದರೆ ನಿಜಕ್ಕೂ ತಪ್ಪು ಒಗಟುಗಳೂ ಓಡಾಡುತ್ತವೆ. ನಿಮ್ಮದರ ಕೊನೆಯ ಸುಳಿವನ್ನು 582ರ ಬದಲು 528 ಎಂದು ಟೈಪ್ ಮಾಡಿದರೆ ಏನಾಗುತ್ತದೆ ನೋಡಿ. 3 ಮೊದಲು, 9 ನಡುವೆ ಎಂಬವರೆಗೆ ಎಲ್ಲವೂ ಹಿಂದಿನಂತೆಯೇ. ಕೊನೆಯ ಮನೆಗೆ 5 ಅಥವಾ 2. ಈಗ ಸುಳಿವಿನಲ್ಲಿ 2 ಇರುವುದು ನಡುವಿನ ಮನೆಯಲ್ಲಿ, ಕೊನೆಗೆ ಹೋದರೂ ಅದಕ್ಕೆ ಜಾಗ ತಪ್ಪಿಯೇ ಇರುತ್ತದೆ. ಹಾಗಾಗಿ 395, 392 ಎರಡೂ ನಾಲ್ಕು ಸುಳಿವಿಗೂ ಹೊಂದುತ್ತವೆ. ಎರಡು ಅಂಕಿ ಅದಲುಬದಲಾದದ್ದಕ್ಕೆ ಒಗಟು ಕೆಟ್ಟಿತು. ಆದ್ದರಿಂದ ಎರಡು ಉತ್ತರ ಬಂದಾಗ ಎರಡನ್ನೂ ಪ್ರತಿ ಸುಳಿವಿಗೂ ಎದುರಿಟ್ಟು, ಸರಿ ಅಂಕಿ ಎಷ್ಟು, ಅವುಗಳಲ್ಲಿ ಜಾಗ ಸರಿ ಇರುವುದೆಷ್ಟು ಎಂದು ಎರಡು ಎಣಿಕೆ ಬರೆಯಿರಿ. ಎರಡೂ ಉತ್ತರಕ್ಕೆ ಎಲ್ಲ ಎಣಿಕೆಗಳೂ ಕೂಡಿಬಂದರೆ ಮಾತ್ರ ಒಗಟಿನ ಮೇಲೆ ದೂರು ಹೇಳಬಹುದು.

ನೀವೇ ಒಗಟು ಮಾಡುವುದಾದರೆ ಕೋಡ್ ಮೊದಲು ಬರೆದುಕೊಂಡು, ಸುಳಿವಿನ ಸಂಖ್ಯೆಗಳನ್ನು ಅದರ ಎದುರು ಎಣಿಸಿ. ಸುಳಿವು ಮೊದಲು ಬರೆದು ಕೋಡ್ ಹುಡುಕಲು ಹೊರಟರೆ ಉತ್ತರವೇ ಇಲ್ಲದ ಒಗಟು ಹುಟ್ಟುವ ಸಂಭವ ಹೆಚ್ಚು. ನಂತರ ಒಂದೊಂದೇ ಸುಳಿವನ್ನು ಬೆರಳಿನಿಂದ ಮುಚ್ಚಿ ಬಿಡಿಸಿ ನೋಡಿ. ನಿಮ್ಮ ಮೂಲ ಒಗಟು ಈ ಪರೀಕ್ಷೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಅಂಕಿ ಮರುಕಳಿಸದ ಕೋಡ್‌ಗಳಲ್ಲಿ 914 ಮುಚ್ಚಿದರೆ 4 ಉತ್ತರ, 582 ಮುಚ್ಚಿದರೆ 5, 381 ಮುಚ್ಚಿದರೆ 6, 639 ಮುಚ್ಚಿದರೆ 13. ನಾಲ್ಕೂ ಬೇಕು, ಒಂದೂ ಹೆಚ್ಚಿಲ್ಲ. ಮಾಡಿದವರು ಕೆಲಸ ಬಲ್ಲವರು.

ಕೈಯಲ್ಲಿ ಎಣಿಸಲು ಬೇಸರವಾದರೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ನ ಹಾಳೆ ಸಾಕು. 000ದಿಂದ 999ರವರೆಗೆ ಸಾವಿರ ಸಾಲು, ಪ್ರತಿ ಮನೆಯ ಅಂಕಿಗೆ ಒಂದು ಕಾಲಂ, ಪ್ರತಿ ಸುಳಿವಿಗೆ ಎರಡು ಕಾಲಂ: ಸರಿ ಅಂಕಿ ಎಷ್ಟು, ಜಾಗ ಸರಿ ಎಷ್ಟು. ಬೇಕಾದ ಎಣಿಕೆಗೆ ಫಿಲ್ಟರ್ ಹಾಕಿದರೆ ಉಳಿದ ಸಾಲುಗಳೇ ಉತ್ತರಗಳು. ಪೂರ್ತಿ ಕೋಡ್ ಬರೆಯುವ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಬದಲಿಸಿಕೊಳ್ಳಿ, ಇಲ್ಲದಿದ್ದರೆ 058 ಎಂಬುದು 58 ಆಗಿ ಕುಳಿತು ಸೊನ್ನೆ ಕಳೆದುಹೋಗುತ್ತದೆ.

528ರ ಆ ಕೆಟ್ಟ ಒಗಟನ್ನು ಎಸೆಯಬೇಕಾಗಿಲ್ಲ. ‘270 – ಯಾವ ಅಂಕಿಯೂ ಸರಿಯಿಲ್ಲ’ ಎಂಬ ಐದನೆಯ ಸಾಲು ಸೇರಿಸಿ. 392 ಹೋಗಿ 395 ಒಂದೇ ಉಳಿಯುತ್ತದೆ.